ಅವರ ಮನೆಗೆ ಹೋಗಲು ಕಾಲೇ ಬರುತ್ತಿಲ್ಲ

ಪ್ರಶ್ನೆ: ನಾನು ಪೊಲೀಸ್ ಸಿಬ್ಬಂದಿ. ಎಂಟು ತಿಂಗಳ ಹಿಂದೆ ನನ್ನ ಆಪ್ತ ಸಹೋದ್ಯೋಗಿ ರಾತ್ರಿ ಗಸ್ತಿನಲ್ಲಿದ್ದಾಗ ಹತ್ಯೆಗೀಡಾದರು. ಅಂದಿನ ಪಾಳಿ ನನ್ನದು. ನನಗೆ ಜ್ವರವೆಂದು ಅವರು ಹೋಗಿದ್ದರು. ಅಂತ್ಯಕ್ರಿಯೆಯ ನಂತರ ಆ ಮನೆಗೆ ನಾನು ಕಾಲಿಟ್ಟಿಲ್ಲ. ಅವರ ಪತ್ನಿ ಎರಡು ಸಲ ಕರೆ ಮಾಡಿದರೂ ಎತ್ತಲಾಗಲಿಲ್ಲ. ಅವರ ಲಾಕರಿನ ಬೀಗವನ್ನು ಇನ್ನೂ ಯಾರೂ ತೆಗೆದಿಲ್ಲ. ಅದರ ಎದುರು ಸಮವಸ್ತ್ರ ತೊಡುವಾಗ ಕೈ ನಡುಗುತ್ತದೆ. ಪಾಳಿಯ ವಿಷಯ ಅವರ ಪತ್ನಿಗೆ ಹೇಳಲೇ?

ಉತ್ತರ: ನಡುಗುವ ಆ ಕೈಯಿಂದಲೇ ಆರಂಭಿಸುತ್ತೇನೆ. ದುಃಖ ಮನೆಯವರದು, ಜೊತೆಯವರು ಮರುದಿನವೇ ಹಾಜರಾತಿಗೆ ನಿಲ್ಲಬೇಕು ಎಂಬ ರೂಢಿಯಲ್ಲಿ ನೀವು ಎಂಟು ತಿಂಗಳು ಒಬ್ಬರೇ ಬೆಂದಿದ್ದೀರಿ. ಅಮೆರಿಕದಲ್ಲಿ 1984ರಲ್ಲಿ ಆರಂಭವಾದ ‘ಕನ್ಸರ್ನ್ಸ್ ಆಫ್ ಪೊಲೀಸ್ ಸರ್ವೈವರ್ಸ್’ ಸಂಸ್ಥೆಯು ಕರ್ತವ್ಯದಲ್ಲಿ ಮೃತಪಟ್ಟ ಪೊಲೀಸರ ಸಂಗಾತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರಿಗೆ ಮಾತ್ರವಲ್ಲದೆ ಸಹೋದ್ಯೋಗಿಗಳಿಗೂ ಪ್ರತ್ಯೇಕ ಶಿಬಿರ ನಡೆಸುತ್ತದೆ. ನಿಮ್ಮದೂ ಅಂಥದೇ ನಷ್ಟ. ಆ ಸಾವಿನ ಹೊಣೆ ಹತ್ಯೆ ಮಾಡಿದವನದು, ನಿಮ್ಮ ಜ್ವರದ್ದಲ್ಲ. ಆದರೆ ನಾನು ಬರೆದ ಮಾತ್ರಕ್ಕೆ ಮನಸ್ಸು ಇದನ್ನು ಒಪ್ಪದೆಂದು ಬಲ್ಲೆ. ಆದ್ದರಿಂದ ಮೊದಲು ಆಪ್ತ ಸಮಾಲೋಚಕರ ಮುಂದೆ ಕುಳಿತು ಆ ರಾತ್ರಿಯನ್ನು ಪೂರ್ತಿಯಾಗಿ ಹೇಳಿಕೊಳ್ಳಿ. ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಿ.

ಪಾಳಿಯ ವಿಷಯವನ್ನು ಬಚ್ಚಿಡಬೇಡಿ. ಆಕೆ ಕೇಳಿದರೆ ನೇರವಾಗಿ ಹೇಳಿ. ಆದರೆ ಮೊದಲ ಭೇಟಿಯಲ್ಲೇ ನಿಮ್ಮ ಎದೆಯ ಭಾರ ಇಳಿಸಿಕೊಳ್ಳಲೆಂದು ಅದನ್ನು ತೆಗೆದರೆ, ಗಂಡನನ್ನು ಕಳೆದುಕೊಂಡಾಕೆ ನಿಮ್ಮನ್ನು ಸಂತೈಸಬೇಕಾಗುತ್ತದೆ. ಅದು ನ್ಯಾಯವಲ್ಲ.

ಗೌರವವಂದನೆಯ ದಿನ ತುಂಬಿದ್ದ ಮನೆ ಕೆಲವೇ ತಿಂಗಳಲ್ಲಿ ಬರಿದಾಗುತ್ತದೆ. ಗಂಡನ ಜೊತೆಗೆ ಇಲಾಖೆಯ ನಂಟೂ ಕಡಿದುಹೋಯಿತೆಂಬ ನೋವು ಆಕೆಯನ್ನು ಕಾಡುತ್ತಿರಬಹುದು. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನಬೇಡಿ, ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಪಿಂಚಣಿಯ ಕಡತ ಯಾವ ಮೇಜಿನ ಮೇಲಿದೆ ಎಂದು ನೀವೇ ವಿಚಾರಿಸಿ. ಪ್ರಕರಣದ ವಿಚಾರಣೆಯ ದಿನ ನ್ಯಾಯಾಲಯದಲ್ಲಿ ಅವರ ಪಕ್ಕ ಕುಳಿತುಕೊಳ್ಳಿ, ಏಕೆಂದರೆ ಸಾವಿನ ಅತಿ ಕ್ರೂರ ವಿವರಗಳು ಎಷ್ಟೋ ಕುಟುಂಬಗಳ ಕಿವಿಗೆ ಬೀಳುವುದು ಅಲ್ಲಿಯೇ. ಮಕ್ಕಳಿದ್ದರೆ ಅವರ ಮುಂದೆ ಅಪ್ಪನ ಹೆಸರೆತ್ತಿ ಮಾತನಾಡಿ, ಅವರಿಗೆ ತಿಳಿಯದ ಠಾಣೆಯ ಕತೆಗಳನ್ನು ಹೇಳಿ.

ಇನ್ನು ಆ ಲಾಕರ್. ಆಕೆಯನ್ನು ಕೇಳದೆ ಅದನ್ನು ತೆರೆಯಲು ಬಿಡಬೇಡಿ, ಒಳಗಿನ ಅಂಗಿಯನ್ನು ಒಗೆಯಲು ಕೊಡಬೇಡಿ. ಅದರಲ್ಲಿ ಅವರ ಮೈವಾಸನೆ ಇನ್ನೂ ಉಳಿದಿರಬಹುದು. ಇಂದು ಸಂಜೆಯೇ ಕರೆ ಮಾಡಿ, ಫೋನ್ ಎತ್ತದಿದ್ದುದಕ್ಕೆ ಕ್ಷಮೆ ಕೇಳಿ. ಬೀಗ ಹಾಗೆಯೇ ಇದೆಯೆಂದು ತಿಳಿಸಿ, ತೆರೆಯಲು ತಾವೇ ಬರುವಿರಾ ಎಂದು ವಿಚಾರಿಸಿ.