ಕ್ರೀಡಾ ಪ್ರಶ್ನೋತ್ತರ: ಪೆಲೆ, ಮೆಸ್ಸಿ ಮತ್ತು ಗೋಲು ಹೊಡೆಯದವರು

ಈ ಸಲ ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಚರ್ಚೆಗೆ ಸೇರಿದವು. ಬೇರೆ ಬೇರೆ ಕಾಲದ, ಬೇರೆ ಬೇರೆ ಸ್ಥಾನದ ಫುಟ್‌ಬಾಲ್ ಆಟಗಾರರನ್ನು ಹೋಲಿಸುವುದು ಹೇಗೆ ಎಂಬುದೇ ಆ ಚರ್ಚೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನು ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು ಚಿನ್ನದ ಗಣಿಯಲ್ಲಿ ದುಡಿದವರು. ಅವರ ಪ್ರಕಾರ ಪೆಲೆಗೆ ಸಮನಾದ ಆಟಗಾರ ಇನ್ನೂ ಹುಟ್ಟಿಲ್ಲ. ನನಗೆ ಮರಡೋನಾ, ನನ್ನ ಮಗನಿಗೆ ಮೆಸ್ಸಿ. ಕಾಲವೇ ಬೇರೆಯಾದ ಮೇಲೆ ಹೋಲಿಸುವುದೇ ತಪ್ಪು ಎಂದು ನೆರೆಮನೆಯವರು ಹೇಳುತ್ತಾರೆ. ನಿಜವಾಗಿ ಹೋಲಿಸಬಹುದೇ? ಹೋಲಿಸಿದರೆ ಯಾರು ಮೇಲು?
(ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್)

ಉತ್ತರ: ಹೋಲಿಸಬಹುದು, ಆದರೆ ಅದಕ್ಕೊಂದು ಕಟ್ಟುಪಾಡು ಬೇಕು. ಆಟಗಾರನನ್ನು ಮೊದಲು ಅವನ ಕಾಲದ ನಿಯಮಗಳೊಳಗೆ, ಅವನ ಜೊತೆಯಲ್ಲಿ ಮತ್ತು ಅವನೆದುರು ಆಡಿದವರ ನಡುವೆ ನಿಲ್ಲಿಸಿ ನೋಡಬೇಕು. ಅವರಿಗಿಂತ ಅವನು ಎಷ್ಟು ಮುಂದಿದ್ದ ಎಂಬ ಅಂತರವನ್ನು ಇನ್ನೊಂದು ಕಾಲಕ್ಕೆ ಒಯ್ಯಬಹುದೇ ಹೊರತು ಗೋಲುಗಳ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡು ಹೋಗುವಂತಿಲ್ಲ.

ಏಕೆಂದರೆ ಗೋಲಿನ ಬೆಲೆ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. 1925ರವರೆಗೆ ಜೊತೆಗಾರ ಚೆಂಡು ಕೊಡುವಾಗ ಮುಂಚೂಣಿ ಆಟಗಾರನ ಮುಂದೆ ಎದುರಾಳಿಯ ಮೂವರಾದರೂ ಇಲ್ಲದಿದ್ದರೆ ಅದು ಆಫ್‌ಸೈಡ್ ಎಂಬ ತಪ್ಪಾಗುತ್ತಿತ್ತು. ಆ ವರ್ಷ ಮೂವರ ಬದಲು ಇಬ್ಬರು ಸಾಕೆಂದು ನಿಯಮ ಬದಲಾಯಿತು. ಇಂಗ್ಲೆಂಡಿನ ಲೀಗ್‌ನಲ್ಲಿ 1924-25ರ ಋತುವಿನಲ್ಲಿ 4,700ರಷ್ಟಿದ್ದ ಗೋಲುಗಳು ಮರು ವರ್ಷವೇ 6,373ಕ್ಕೆ ಏರಿದವು. ಎವರ್ಟನ್‌ನ ಡಿಕ್ಸಿ ಡೀನ್ 1927-28ರಲ್ಲಿ ಒಂದೇ ಋತುವಿನ ಲೀಗ್ ಪಂದ್ಯಗಳಲ್ಲಿ 60 ಗೋಲು ಹೊಡೆದದ್ದು ಆ ಸಡಿಲಿಕೆಗೆ ರಕ್ಷಣಾ ಆಟಗಾರರು ಇನ್ನೂ ಒಗ್ಗಿಕೊಳ್ಳುತ್ತಿದ್ದ ದಿನಗಳಲ್ಲಿ. ಡೀನ್ ಅವರ ಹಿರಿಮೆಯನ್ನು ಇದು ಅಳಿಸುವುದಿಲ್ಲ. ಆದರೆ ಆ ಅರವತ್ತನ್ನು ಇಂದಿನ ಅರವತ್ತರ ಪಕ್ಕದಲ್ಲಿ ಬರೆಯುವಂತಿಲ್ಲ. ವಿಶ್ವಕಪ್‌ನಲ್ಲೂ ಇದೇ ಏರಿಳಿತವಿದೆ. 1958ರಲ್ಲಿ 35 ಪಂದ್ಯಗಳಿಗೆ 126 ಗೋಲು ಬಂದರೆ, 1990ರಲ್ಲಿ 52 ಪಂದ್ಯಗಳಾಗಿಯೂ ಬಂದದ್ದು 115 ಮಾತ್ರ.

ಈಗ ನಿಮ್ಮ ತಂದೆಯವರ ಪೆಲೆಯನ್ನು ತೆಗೆದುಕೊಳ್ಳೋಣ. 17ನೇ ವಯಸ್ಸಿನಲ್ಲಿ 1958ರ ಫೈನಲ್‌ನಲ್ಲಿ ಎರಡು ಗೋಲು, 29ನೇ ವಯಸ್ಸಿನಲ್ಲಿ 1970ರ ಫೈನಲ್‌ನ ಮೊದಲ ಗೋಲು, ಒಟ್ಟು 14 ವಿಶ್ವಕಪ್ ಪಂದ್ಯಗಳಲ್ಲಿ 12 ಗೋಲು. ಸಾವಿರಕ್ಕೂ ಮೀರಿದ ಗೋಲುಗಳೆಂದು ಹೇಳುವ ಲೆಕ್ಕದಲ್ಲಿ ಸೌಹಾರ್ದ ಪಂದ್ಯಗಳು ಬಹಳ ಸೇರಿವೆಯಾದ್ದರಿಂದ ಅದನ್ನು ನಾನು ಬದಿಗಿಡುತ್ತೇನೆ. ಅದರ ಬದಲು ನೋಡಬೇಕಾದದ್ದು 1966ರ ವಿಶ್ವಕಪ್. ಅಂದು ಹಳದಿ, ಕೆಂಪು ಕಾರ್ಡುಗಳೂ ಇರಲಿಲ್ಲ, ಬದಲಿ ಆಟಗಾರರೂ ಇರಲಿಲ್ಲ. ವಿಶ್ವಕಪ್‌ಗೆ ಅವೆರಡೂ ಬಂದದ್ದು 1970ರಲ್ಲಿ. ಬಲ್ಗೇರಿಯಾದವರ ಒದೆತ ತಿಂದು ಒಂದು ಪಂದ್ಯ ತಪ್ಪಿಸಿಕೊಂಡ ಪೆಲೆ, ಪೋರ್ಚುಗಲ್ ಎದುರು ಮತ್ತೆ ಗಾಯಗೊಂಡು, ಬದಲಿಗೆ ಯಾರನ್ನೂ ಇಳಿಸುವಂತಿಲ್ಲದ್ದರಿಂದ ಕುಂಟುತ್ತಲೇ ಮೈದಾನದಲ್ಲಿ ಉಳಿದರು. ಯುರೋಪಿನ ಕ್ಲಬ್‌ಗೆ ಆಡಲಿಲ್ಲವೆಂಬ ಆಕ್ಷೇಪಕ್ಕೂ ಉತ್ತರವಿದೆ: 1962ರಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ಬೆನ್ಫಿಕಾವನ್ನು ಅದರದೇ ಊರಾದ ಲಿಸ್ಬನ್‌ನಲ್ಲಿ ಪೆಲೆಯವರ ಕ್ಲಬ್ ಸ್ಯಾಂಟೋಸ್ 5-2ರಿಂದ ಸೋಲಿಸಿದಾಗ ಅವರದು ಹ್ಯಾಟ್ರಿಕ್. ಆದರೆ ಅದೇ 1962ರ ವಿಶ್ವಕಪ್‌ನಲ್ಲಿ ಎರಡನೇ ಪಂದ್ಯದಲ್ಲೇ ಪೆಲೆ ಗಾಯಗೊಂಡರೂ ಗರಿಂಚಾ ಇದ್ದ ಬ್ರೆಜಿಲ್ ಕಪ್ ಗೆದ್ದಿತೆಂಬುದನ್ನು ಅವರ ಅಭಿಮಾನಿಗಳು ಮರೆಯಬಾರದು.

ಮರಡೋನಾ ಅವರಿಗೆ ಗೋಲಿನ ಲೆಕ್ಕ ಮಾಡುವ ಅನ್ಯಾಯ ದೊಡ್ಡದು. ಇಟಲಿಯ ಲೀಗ್‌ನಲ್ಲಿ 1987-88ರಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ, ಹೊಡೆದದ್ದು 15. ಎರಡನೆಯವರು ಅವರದೇ ನಾಪೊಲಿ ತಂಡದ ಕರೇಕಾ, 13. ಅಲ್ಲಿಂದ 24 ವರ್ಷ ಮುಂದೆ ಬಂದರೆ 2011-12ರಲ್ಲಿ ಸ್ಪೇನ್ ಲೀಗ್‌ನಲ್ಲಿ ಮೆಸ್ಸಿ 50 ಗೋಲು ಹೊಡೆದಿದ್ದಾರೆ. ಪಂದ್ಯಗಳು 30ರಿಂದ 38ಕ್ಕೆ ಏರಿವೆ ಎಂದು ಕಳೆದರೂ ಅಂತರ ಮೂರು ಪಟ್ಟಿಗೆ ಹತ್ತಿರವಾಗುತ್ತದೆ. ಹಾಗೆಂದು ಮೆಸ್ಸಿ ಮೂರು ಪಟ್ಟು ಉತ್ತಮರೆಂದು ಯಾರೂ ಹೇಳಲಾರರು, ಏಕೆಂದರೆ ಅದೇ ಋತುವಿನಲ್ಲಿ ಅವರ ಪ್ರತಿಸ್ಪರ್ಧಿ ಕ್ರಿಸ್ಟಿಯಾನೊ ರೊನಾಲ್ಡೊ 46 ಹೊಡೆದಿದ್ದರು. ಒಂದು ಲೀಗ್‌ನಲ್ಲಿ ಗೋಲು ಬಂಗಾರ, ಇನ್ನೊಂದರಲ್ಲಿ ಬೆಳ್ಳಿ. ಮರಡೋನಾ ಅವರ ಕಾಲಿಗೆ 1983ರಲ್ಲಿ ಸ್ಪೇನ್‌ನಲ್ಲಿ ಬಿದ್ದ ಏಟು ಕೀಲನ್ನೇ ಮುರಿದಿತ್ತು. 1986ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಹೊಡೆದ 14 ಗೋಲುಗಳಲ್ಲಿ ಐದು ಅವರದು, ಇನ್ನೈದು ಅವರು ಕೊಟ್ಟ ಪಾಸಿನಿಂದ ಬಂದವು. ಅದುವರೆಗೆ ಒಮ್ಮೆಯೂ ಇಟಲಿಯ ಲೀಗ್ ಗೆಲ್ಲದ ನಾಪೊಲಿ 1987ರಲ್ಲಿ ಮತ್ತು 1990ರಲ್ಲಿ ಗೆದ್ದದ್ದು ಅವರಿದ್ದಾಗಲೇ. ಒಂದು ಟೂರ್ನಿಯನ್ನು ಒಬ್ಬನೇ ಹೊತ್ತದ್ದಕ್ಕೆ 1986ಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣುವುದಿಲ್ಲ.

ಮೆಸ್ಸಿ ಅವರ ಬಲವಿರುವುದು ಕಾಲಾವಧಿಯಲ್ಲಿ. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ಯಾಲನ್ ಡಿ ಓರ್ ಪ್ರಶಸ್ತಿ 2009ರಿಂದ 2023ರವರೆಗೆ ಎಂಟು ಬಾರಿ. ಬದಿಯ ಆಟಗಾರನಾಗಿ ಆರಂಭಿಸಿ, ನಡುವಿನ ಮುಂಚೂಣಿಗೆ ಬಂದು, ಕೊನೆಗೆ ಹಿಂದೆ ಸರಿದು ಆಟ ಕಟ್ಟುವವನಾಗಿ 35ನೇ ವಯಸ್ಸಿನಲ್ಲಿ 2022ರ ವಿಶ್ವಕಪ್‌ನಲ್ಲಿ ಏಳು ಗೋಲು. ಅವರಿಗೆ ಕಾರ್ಡುಗಳ ರಕ್ಷಣೆಯೂ ನುಣುಪಾದ ಮೈದಾನವೂ ಇದ್ದವು, ನಿಜ. ಆದರೆ ಎದುರಾಳಿಗಳು ಅವರ ಪ್ರತಿ ಹೆಜ್ಜೆಯನ್ನೂ ವಿಡಿಯೊದಲ್ಲಿ ನೋಡಿ ಸಿದ್ಧರಾಗಿ ಬರುತ್ತಿದ್ದರು, ಎಲ್ಲ ಖಂಡಗಳ ಉತ್ತಮರು ಅದೇ ಕೆಲವು ಲೀಗ್‌ಗಳಲ್ಲಿ ಒಟ್ಟಾಗಿ ಸೇರಿದ್ದರು.

ನೀವು ಒಬ್ಬರ ಹೆಸರನ್ನೇ ಕೇಳಿದ್ದೀರಿ. ಒಂದು ತಿಂಗಳ ಆಟಕ್ಕಾದರೆ ಮರಡೋನಾ. ಇಡೀ ಬದುಕಿನ ಆಟಕ್ಕೆ, ಕೂದಲೆಳೆಯ ಅಂತರದಲ್ಲಿ, ಮೆಸ್ಸಿ. ಎದುರಿಸಿದ ಸ್ಪರ್ಧೆಯ ಅಗಲವೇ ನನ್ನನ್ನು ಆ ಕಡೆ ವಾಲಿಸಿತು. ಫೌಲಿನ ಏಟಿಗೆ ಇನ್ನೂ ಹೆಚ್ಚು ತೂಕ ಕೊಡುವವರು ಪೆಲೆ ಎಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ, ಆದ್ದರಿಂದ ನಿಮ್ಮ ತಂದೆಯವರು ತಮ್ಮ ಮಾತನ್ನು ಬಿಟ್ಟುಕೊಡಬೇಕಾಗಿಲ್ಲ. ಮಗನಿಗೆ ಮಾತ್ರ ಒಂದು ಮಾತು ಹೇಳಿ: ಮೆಸ್ಸಿಯವರ ಪರವಾಗಿ ವಾದಿಸುವಾಗ 50 ಗೋಲನ್ನು ಮುಂದಿಡಬೇಡ ಎಂದು.

ಪ್ರಶ್ನೆ: ಒಂದೇ ವಿಶ್ವಕಪ್‌ನಲ್ಲಿ 13 ಗೋಲು ಹೊಡೆದ ಜಸ್ಟ್ ಫಾಂಟೇನ್ ಅವರ ದಾಖಲೆಯನ್ನು ಮುರಿಯಲು ಸಾಧ್ಯವೇ?
(ಓದುಗರು, ಮಾಲೂರು)

ಉತ್ತರ: ಬಹಳ ಕಷ್ಟ. ಫ್ರಾನ್ಸಿನ ಫಾಂಟೇನ್ 1958ರಲ್ಲಿ ಆರು ಪಂದ್ಯಗಳಲ್ಲಿ ಅದನ್ನು ಸಾಧಿಸಿದರು, ಅವುಗಳಲ್ಲಿ ನಾಲ್ಕು ಗೋಲು ಮೂರನೇ ಸ್ಥಾನದ ಪಂದ್ಯವೊಂದರಲ್ಲೇ ಬಂದವು. 1974ರಿಂದ 2022ರವರೆಗಿನ ಯಾವ ಟೂರ್ನಿಯಲ್ಲೂ ಒಬ್ಬ ಆಟಗಾರ ಎಂಟನ್ನು ದಾಟಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸಾರ್ವಕಾಲಿಕ ಶ್ರೇಷ್ಠ ಹತ್ತು ಆಟಗಾರರ ಪಟ್ಟಿ ಮಾಡಿದಾಗ ಒಬ್ಬ ಗೋಲ್‌ಕೀಪರ್ ಕೂಡ ಅದರಲ್ಲಿರಲಿಲ್ಲ, ರಕ್ಷಣಾ ಆಟಗಾರ ಒಬ್ಬನೇ. ಗೋಲು ಹೊಡೆಯುವವನನ್ನು ಗೋಲು ತಡೆಯುವವನೊಂದಿಗೆ ಹೋಲಿಸುವುದು ಹೇಗೆ?
(ಪದವಿ ವಿದ್ಯಾರ್ಥಿನಿ, ತುಮಕೂರು)

ಉತ್ತರ: ನಿಮ್ಮ ಕಾಲೇಜಿನವರು ಒಂಟಿಯಲ್ಲ. 1956ರಿಂದ ಕೊಡುತ್ತಿರುವ ಬ್ಯಾಲನ್ ಡಿ ಓರ್ ಪ್ರಶಸ್ತಿಯನ್ನು ಗೆದ್ದ ಗೋಲ್‌ಕೀಪರ್ ಒಬ್ಬರೇ, 1963ರಲ್ಲಿ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್. 1995ರವರೆಗೆ ಆ ಪ್ರಶಸ್ತಿ ಯುರೋಪಿನ ಆಟಗಾರರಿಗಷ್ಟೇ ಮೀಸಲಾಗಿದ್ದುದರಿಂದ ಪೆಲೆ, ಮರಡೋನಾ ಅದರ ಪಟ್ಟಿಯಲ್ಲಿ ಇಲ್ಲ. ಮುಂದೆ ಆ ಪ್ರಶಸ್ತಿ ಕೊಡುವ ಫ್ರಾನ್ಸಿನ ಪತ್ರಿಕೆಯೇ, ಆ ನಿರ್ಬಂಧವಿರದಿದ್ದರೆ ಯಾರಿಗೆ ಸಲ್ಲುತ್ತಿತ್ತು ಎಂದು ಹಿಂದಿರುಗಿ ಎಣಿಸಿದಾಗ ಪೆಲೆಗೆ ಏಳು ವರ್ಷಗಳನ್ನು ಕೊಟ್ಟಿತು. ಆ ಏಳರಲ್ಲಿ 1963 ಕೂಡ ಒಂದು! ಒಂದು ಕಾಲದ ಅನ್ಯಾಯವನ್ನು ಸರಿಪಡಿಸಲು ಹೊರಟವರು ಕಾಗದದ ಮೇಲೆ ಗೋಲ್‌ಕೀಪರ್‌ಗಳ ಏಕೈಕ ಗೌರವವನ್ನೂ ಕಿತ್ತುಕೊಂಡರು.

ಮುಂಚೂಣಿ ಆಟಗಾರ ನಾಲ್ಕು ಅವಕಾಶ ಕಳೆದುಕೊಂಡು ಐದನೆಯದನ್ನು ಗೋಲಾಗಿಸಿದರೆ ಮರುದಿನದ ಪತ್ರಿಕೆಯಲ್ಲಿ ಅವನ ಚಿತ್ರ ಬರುತ್ತದೆ. ಗೋಲ್‌ಕೀಪರ್ ನಾಲ್ಕನ್ನು ತಡೆದು ಐದನೆಯದನ್ನು ಬಿಟ್ಟರೆ ಬರುವುದು ಆ ಐದನೆಯದರ ಚಿತ್ರ. ರಕ್ಷಣಾ ಆಟಗಾರನ ಪಾಡು ಇನ್ನೂ ವಿಚಿತ್ರ: ಅವನು ಸರಿಯಾದ ಜಾಗದಲ್ಲಿ ಮೊದಲೇ ನಿಂತಿದ್ದರೆ ಎದುರಾಳಿ ಆ ಕಡೆ ಚೆಂಡನ್ನು ಕೊಡುವುದೇ ಇಲ್ಲ, ಆದ್ದರಿಂದ ಅವನ ಅತ್ಯುತ್ತಮ ಕೆಲಸ ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ. ಎ.ಸಿ. ಮಿಲಾನ್‌ಗೆ 25 ಋತುಗಳ ಕಾಲ ಆಡಿದ ಪಾವ್ಲೊ ಮಾಲ್ದಿನಿ ಅವರ ಆಟವನ್ನು ಸಂಖ್ಯೆಯಲ್ಲಿ ಹೇಳಹೊರಟವರು ಈ ಕಾರಣಕ್ಕೇ ಸೋಲುತ್ತಾರೆ.

ಆದ್ದರಿಂದ ಸ್ಥಾನ ಬೇರೆಯಾದಾಗ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೊದಲನೆಯದು, ಇವನು ಇಲ್ಲದಿದ್ದರೆ ತಂಡ ಎಷ್ಟು ಕಳೆದುಕೊಳ್ಳುತ್ತಿತ್ತು? 2006ರ ವಿಶ್ವಕಪ್‌ನಲ್ಲಿ ಫೇಬಿಯೊ ಕನ್ನವಾರೊ ನಾಯಕತ್ವದ ಇಟಲಿ ಏಳು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು; ಒಂದು ತನ್ನದೇ ಆಟಗಾರನಿಂದ ಆದ ಸ್ವಯಂ ಗೋಲು, ಇನ್ನೊಂದು ಫೈನಲ್‌ನಲ್ಲಿ ಜಿದಾನ್ ಹೊಡೆದ ಪೆನಾಲ್ಟಿ. ಅಂದರೆ ಎದುರಾಳಿಯ ಚಾಲ್ತಿ ಆಟದಿಂದ ಒಂದೂ ಇಲ್ಲ, ಮತ್ತು ಆ ವರ್ಷದ ಬ್ಯಾಲನ್ ಡಿ ಓರ್ ಕನ್ನವಾರೊ ಅವರಿಗೆ ಸಂದದ್ದು ಸರಿಯೇ ಆಗಿತ್ತು. ಮಿಡ್‌ಫೀಲ್ಡ್‌ನಲ್ಲಿ ಎದುರಾಳಿಯಿಂದ ಚೆಂಡು ಕಸಿಯುವುದಷ್ಟೇ ಕೆಲಸವಾಗಿದ್ದ ಕ್ಲೋಡ್ ಮಕೆಲೆಲೆ ಅವರನ್ನು ರಿಯಲ್ ಮ್ಯಾಡ್ರಿಡ್ 2003ರಲ್ಲಿ ಬಿಟ್ಟುಕೊಟ್ಟಿತು. ಮುಂದಿನ ಮೂರು ಋತುಗಳಲ್ಲಿ ತಾರೆಗಳಿಂದ ತುಂಬಿದ ಆ ತಂಡಕ್ಕೆ ಸ್ಪೇನ್ ಲೀಗ್ ದಕ್ಕಲಿಲ್ಲ. ತರಬೇತುದಾರರನ್ನು ಬದಲಿಸಿದ್ದೇ ಮೊದಲಾಗಿ ಬೇರೆ ಕಾರಣಗಳೂ ಇದ್ದವು, ಆದರೂ ಮಕೆಲೆಲೆ ಅವರ ಕೊರತೆ ಎದ್ದು ಕಾಣುತ್ತಿತ್ತು.

ಎರಡನೆಯ ಪ್ರಶ್ನೆ, ಆ ಸ್ಥಾನದ ಕೆಲಸವನ್ನೇ ಇವನು ಬದಲಿಸಿದನೇ? ಗೋಲ್‌ಕೀಪರ್ ಕಂಬಗಳ ನಡುವೆ ಕಾದು ನಿಲ್ಲುವವನೆಂಬ ರೂಢಿಯಿದ್ದಾಗ ಯಾಶಿನ್ ಮುಂದೆ ಬಂದು ಚೆಂಡನ್ನು ತಡೆಯುತ್ತಿದ್ದರು, ಕೂಗಿ ಕೂಗಿ ರಕ್ಷಣಾ ಸಾಲನ್ನು ನಡೆಸುತ್ತಿದ್ದರು. ಪಶ್ಚಿಮ ಜರ್ಮನಿಯ ಫ್ರಾಂಜ್ ಬೆಕನ್‌ಬಾವರ್ ಎಲ್ಲರ ಹಿಂದೆ ನಿಲ್ಲುವ ಕಾವಲುಗಾರನ ಸ್ಥಾನದಿಂದಲೇ ಚೆಂಡನ್ನು ತಂದು ದಾಳಿಯನ್ನು ಆರಂಭಿಸಿದರು, 1972 ಮತ್ತು 1976ರಲ್ಲಿ ಬ್ಯಾಲನ್ ಡಿ ಓರ್ ಪಡೆದರು. ಇವರಿಬ್ಬರಿಗೆ ಹತ್ತರ ಪಟ್ಟಿಯಲ್ಲಿ ಜಾಗವಿಲ್ಲವೆಂದರೆ ದೋಷ ಪಟ್ಟಿಯದು. ಯಾಶಿನ್ ಅವರನ್ನು ಜರ್ಮನಿಯ ಮ್ಯಾನುಯೆಲ್ ನಾಯರ್ ಜೊತೆ ಹೋಲಿಸುವವರು ಒಂದನ್ನು ನೆನಪಿಡಬೇಕು: ಜೊತೆಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂದದ್ದು 1992ರಲ್ಲಿ. ನಾಯರ್ ಅವರ ಕಾಲ್ಚಳಕ ಯಾಶಿನ್ ಕಾಲದಲ್ಲಿ ಯಾರೂ ಕೇಳದ ವಿದ್ಯೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಶಾಲಾ ಪಂದ್ಯಾವಳಿಯಲ್ಲಿ ಸರಣಿಶ್ರೇಷ್ಠ ಪ್ರಶಸ್ತಿ ಪ್ರತಿ ವರ್ಷ ಹೆಚ್ಚು ಗೋಲು ಹೊಡೆದ ಹುಡುಗನಿಗೇ ಹೋಗುತ್ತದೆ. ಬೇರೆ ದಾರಿ ಇದೆಯೇ?
(ದೈಹಿಕ ಶಿಕ್ಷಣ ಶಿಕ್ಷಕರು, ಶಿಡ್ಲಘಟ್ಟ)

ಉತ್ತರ: ತಮ್ಮ ಊರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕವೊಂದನ್ನೇ ನೋಡಿ ಯಾರೂ ದರ ಕೂಗುವುದಿಲ್ಲ, ಎಷ್ಟು ನೂಲು ಬಿಟ್ಟೀತೆಂದು ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಆಟಗಾರನ ವಿಷಯದಲ್ಲೂ ಅಷ್ಟು ತಾಳ್ಮೆ ಬೇಕು. ಹೆಚ್ಚು ಗೋಲಿಗೆ ಪ್ರತ್ಯೇಕ ಬಹುಮಾನವನ್ನು ಇಟ್ಟುಬಿಡಿ, ಆಗ ಸರಣಿಶ್ರೇಷ್ಠಕ್ಕೆ ಅದರ ಹಂಗಿರುವುದಿಲ್ಲ. ಪ್ರತಿ ಪಂದ್ಯ ಮುಗಿದೊಡನೆ ಸೋತ ತಂಡದ ನಾಯಕನನ್ನೂ ಶಿಕ್ಷಕರನ್ನೂ ಬೇರೆ ಬೇರೆಯಾಗಿ ಕರೆದು, ಎದುರಾಳಿಯಲ್ಲಿ ಯಾರಿಂದ ಹೆಚ್ಚು ತೊಂದರೆಯಾಯಿತೆಂದು ಕೇಳಿ ಚೀಟಿಯಲ್ಲಿ ಬರೆದಿಡಿ. ಅನೇಕ ಸಲ ಆ ಚೀಟಿಯಲ್ಲಿ ನಡುಭಾಗದ ಅಥವಾ ಹಿಂಸಾಲಿನ ಹುಡುಗನ ಹೆಸರು ಬರುತ್ತದೆ. ಜೊತೆಗೆ ತಾವೇ ಆಯ್ದ ಒಬ್ಬ ಆಟಗಾರನನ್ನು, ಚೆಂಡು ಎಲ್ಲಿಯೇ ಇರಲಿ, ಹತ್ತು ನಿಮಿಷ ಕಣ್ಣು ಕೀಳದೆ ಗಮನಿಸಿದರೆ ಅವನು ಎಲ್ಲಿ ನಿಲ್ಲುತ್ತಾನೆ, ಜೊತೆಗಾರ ತಪ್ಪಿದಾಗ ಆ ಜಾಗಕ್ಕೆ ಓಡುತ್ತಾನೆಯೇ ಎಂಬುದು ತಿಳಿಯುತ್ತದೆ. ರೆಫರಿಯ ಅಭಿಪ್ರಾಯವನ್ನೂ ಸೇರಿಸಿಕೊಳ್ಳಬಹುದು, ಮೈದಾನದೊಳಗೆ ಎಲ್ಲರಿಗಿಂತ ಹತ್ತಿರದಲ್ಲಿ ನಿಂತು ನೋಡಿದವರು ಅವರೇ.

ಪ್ರಶ್ನೆ: ಸುನಿಲ್ ಚೆಟ್ರಿ ಭಾರತದ ಸಾರ್ವಕಾಲಿಕ ಶ್ರೇಷ್ಠ ಆಟಗಾರರೇ? ಹಳಬರನ್ನು ಅವರೊಂದಿಗೆ ತೂಗಿ ನೋಡಬಹುದೇ?
(ಓದುಗರು, ಮಧುಗಿರಿ)

ಉತ್ತರ: ಗೋಲು ಗಳಿಕೆಯಲ್ಲಿ ಚೆಟ್ರಿಯವರ ಹತ್ತಿರಕ್ಕೂ ಯಾರಿಲ್ಲ, ದೇಶಕ್ಕಾಗಿ 150ಕ್ಕೂ ಹೆಚ್ಚು ಪಂದ್ಯಗಳಲ್ಲಿ 90ಕ್ಕೂ ಹೆಚ್ಚು ಗೋಲು. ಆದರೆ ಹಿಂದಿನವರಿಗೆ ಇಷ್ಟು ಅಂತರರಾಷ್ಟ್ರೀಯ ಪಂದ್ಯಗಳೇ ಸಿಗುತ್ತಿರಲಿಲ್ಲ, ಸಿಕ್ಕವು ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟಗಳಂಥ ದೊಡ್ಡ ವೇದಿಕೆಗಳಲ್ಲಿ. ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದಾಗ ತಂಡದ ಹಲವರು ಬರಿಗಾಲಲ್ಲೇ ಇದ್ದರು. 1952ರಲ್ಲಿ ಯುಗೊಸ್ಲಾವಿಯಾ ಎದುರು 1-10ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಪಿ.ಕೆ. ಬ್ಯಾನರ್ಜಿ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಹೊಡೆದ ಗೋಲಿನಿಂದ ಪಂದ್ಯ 1-1ರಲ್ಲಿ ಮುಗಿಯಿತು.

ಆದರೆ ನನ್ನನ್ನು ಕೇಳಿದರೆ ಚೆಟ್ರಿಯವರ ಎದುರು ನಿಲ್ಲಿಸಬೇಕಾದವರು ಮುಂಚೂಣಿ ಆಟಗಾರರೇ ಅಲ್ಲ, ರಕ್ಷಣಾ ಆಟಗಾರ ಜರ್ನೈಲ್ ಸಿಂಗ್. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ತಲೆಗೆ ಪೆಟ್ಟಾಗಿದ್ದುದರಿಂದ ಅವರನ್ನು ಹಿಂಸಾಲಿನಿಂದ ತೆಗೆದು ಮುಂಚೂಣಿಯಲ್ಲಿ ಆಡಿಸಿದರು. ಅವರು ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ಫೈನಲ್‌ನಲ್ಲೂ ಹೊಡೆದರು. ಮುಂದೆ ಏಷ್ಯಾದ ತಾರಾ ತಂಡದ ನಾಯಕತ್ವವೂ ಅವರ ಪಾಲಿಗೆ ಬಂತು. ಸಮಕಾಲೀನರಿಗಿಂತ ಎಷ್ಟು ಮುಂದೆ ಎಂಬ ಅಳತೆಯನ್ನು ಏಷ್ಯಾದ ಮಟ್ಟಕ್ಕೆ ಅನ್ವಯಿಸಿದರೆ ಜರ್ನೈಲ್ ಒಂದು ಹೆಜ್ಜೆ ಮೇಲಿರುತ್ತಾರೆ. ಎರಡು ದಶಕಗಳ ಕಾಲ ದುರ್ಬಲ ತಂಡವೊಂದರ ದಾಳಿಯನ್ನು ಬಹುಮಟ್ಟಿಗೆ ಒಬ್ಬರೇ ಹೊತ್ತವರು ಯಾರು ಎಂದು ಕೇಳಿದರೆ ಚೆಟ್ರಿ.