ಪೂಲಿಗೆ ಇನ್ನೆಷ್ಟು ಉಪ್ಪು ಸುರೀಬೇಕು?

ಪ್ರಶ್ನೆ: ಕನಕಪುರ ರಸ್ತೆ ಕಡೆ ನಮ್ಮ ತೋಟದ ಮನೇಲಿ 40,000 ಲೀಟರಿನ ಸಾಲ್ಟ್ ವಾಟರ್ ಪೂಲ್ ಇದೆ, ನೀರು ಬೋರ್‌ವೆಲ್‌ದು. ಎರಡು ತಿಂಗಳಿಂದ ನೀರು ಶುದ್ಧ ಮಾಡೋ ಮಷೀನ್‌ನಲ್ಲಿ ಲೋ ಸಾಲ್ಟ್ (ಉಪ್ಪು ಕಮ್ಮಿ) ಲೈಟು ಉರೀತಾನೇ ಇದೆ, ಮೂರು ಸಲ 25 ಕೆಜಿ ಮೂಟೆ ಸುರಿದ್ವಿ, ಲೈಟ್ ಹೋಗ್ಲಿಲ್ಲ. ಟೈಲ್ಸ್ ಮೇಲೆ ಬಿಳೀ ಪಟ್ಟೆ, ಮಕ್ಕಳಿಗೆ ಕಣ್ಣುರಿ. ಉಪ್ಪು ಜಾಸ್ತಿ ಆಗಿ ಕಣ್ಣು ಉರೀತಿದ್ಯಾ?

ಉತ್ತರ: ಮೊದಲು ಆ ನಾಲ್ಕನೇ ಮೂಟೆ ಕೆಳಗಿಡಿ ಸರ್. ಉಪ್ಪು ಬಿಸಿಲಿಗೆ ಆವಿಯಾಗಲ್ಲ, ಬ್ಯಾಕ್‌ವಾಶ್ (ಫಿಲ್ಟರಿಗೆ ನೀರು ಉಲ್ಟಾ ಹರಿಸಿ ತೊಳೆಯೋದು) ಮಾಡ್ದಾಗ, ಮಳೇಲಿ ಪೂಲ್ ತುಂಬಿ ಹರಿದಾಗ, ಇಲ್ಲಾ ಎಲ್ಲಾದ್ರೂ ಲೀಕ್ ಇದ್ರೆ ಮಾತ್ರ ಕಮ್ಮಿ ಆಗೋದು. ನೀವು ಹಾಕಿರೋ 75 ಕೆಜಿ ಅಂದ್ರೆ ಲೀಟರಿಗೆ ಸುಮಾರು 1.9 ಗ್ರಾಂ, ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಲೆಕ್ಕದಲ್ಲಿ 1,900 ಹತ್ರ. ಹೆಚ್ಚಿನ ಮಷೀನಿಗೆ ಬೇಕಾಗಿರೋದೇ ಒಟ್ಟು 3,200ರ ಆಸುಪಾಸು, ಹಾಗಾಗಿ ಈಗ ನಿಮ್ಮದು 5,000 ದಾಟಿದ್ರೂ ಆಶ್ಚರ್ಯ ಇಲ್ಲ.

ಹಾಗಾದ್ರೆ ಲೈಟ್ ಯಾಕೆ? ಮಷೀನಲ್ಲಿ ಪೂಲ್ ನೀರು ಹಾದು ಹೋಗೋ ಭಾಗಕ್ಕೆ ಸೆಲ್ ಅಂತಾರೆ, ಅದರ ಒಳಗಿನ ಪ್ಲೇಟಿಗೆ ಸುಣ್ಣ ಕಟ್ಟಿದ್ರೆ ಕರೆಂಟ್ ಸರಿಯಾಗಿ ಹರಿಯಲ್ಲ, ಮಷೀನು ಅದನ್ನೇ ಉಪ್ಪು ಕಮ್ಮಿ ಅಂತ ತಿಳ್ಕೊಳ್ಳತ್ತೆ. ಗೀಸರ್ ಕಾಯಿಲ್ ಮೇಲೆ ಕೂರತ್ತಲ್ಲ, ಅದೇ ಸುಣ್ಣ. ನಮ್ಮಲ್ಲಿ ಬೋರ್ ನೀರನ್ನ ಉಪ್ಪುನೀರು ಅಂತಾರೆ ನೋಡಿ, ಅದು ಈ ಉಪ್ಪಲ್ಲ, ಕ್ಯಾಲ್ಸಿಯಂ.

ಪವರ್ ಆಫ್ ಮಾಡಿ ಸೆಲ್ ಬಿಚ್ಚಿ, ನಾಲ್ಕು ಪಾಲು ನೀರಿಗೆ ಒಂದು ಪಾಲು ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಸಿಡ್) ಹಾಕಿ (ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ!), ನೊರೆ ನಿಲ್ಲೋವರೆಗೆ ಹತ್ತು ನಿಮಿಷ ಸೆಲ್ ಅದ್ರಲ್ಲಿ ನೆನೆಸಿ. ಬಯಲಲ್ಲಿ ಮಾಡಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರ್ಲಿ, ಸ್ಕ್ರೂಡ್ರೈವರ್ ತಗೊಂಡು ಕೆರೆದ್ರೆ ಪ್ಲೇಟಿನ ಕೋಟಿಂಗೇ ಹೋಗತ್ತೆ. ಆಮೇಲೆ ಬೇರೆ ಕಿಟ್‌ನಲ್ಲಿ ಉಪ್ಪು ಅಳೀರಿ. ನಿಜವಾಗ್ಲೂ ಜಾಸ್ತಿ ಇದ್ರೆ ಒಂದಷ್ಟು ನೀರು ಹೊರಗೆ ಬಿಡೋದೇ ದಾರಿ, ತುಂಬಿಸೋಕೆ ಚಾವಣಿ ಮಳೆನೀರು ಸಿಕ್ಕಿದ್ರೆ ಬೋರ್ ನೀರಿಗಿಂತ ಎಷ್ಟೋ ವಾಸಿ, ಗಡಸುತನವೂ ಇಳಿಯತ್ತೆ.

ಕಣ್ಣುರಿ ಉಪ್ಪಿಂದಲ್ಲ. ನಮ್ಮ ಕಣ್ಣೀರಲ್ಲೇ 9,000 ಪಿಪಿಎಂ ಉಪ್ಪಿರತ್ತೆ! ಉಪ್ಪಿನ ಪೂಲಲ್ಲಿ ಕ್ಲೋರಿನ್ ಇರಲ್ಲ ಅಂತ ಮಾರೋರು ಹೇಳ್ತಾರೆ, ಅದು ಸುಳ್ಳು, ಆ ಸೆಲ್ ಮಾಡೋದೇ ಉಪ್ಪಿಂದ ಕ್ಲೋರಿನ್. ಅದರ ಜೊತೆ ಹೈಡ್ರೋಜನ್ ಗುಳ್ಳೆ ಬರತ್ತೆ, ಅವು ನೀರಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕತ್ವೆ, ಅದಕ್ಕೇ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರ್ತಾನೇ ಇರೋದು. ಏರಿದಷ್ಟೂ ಕ್ಲೋರಿನ್ ಮಂಕು, ಬೆವರಿನ ಜೊತೆ ಸೇರಿದ ಹಳೇ ಕ್ಲೋರಿನ್ ಉಳ್ಕೊಂಡು ಕಣ್ಣು ಉರಿ, ಟೈಲ್ಸ್ ಮೇಲೆ ಸುಣ್ಣ. ವಾರಕ್ಕೆ ಎರಡು ಸಲ ಪಿಎಚ್ ನೋಡಿ, 7.8 ದಾಟಿದ್ರೆ ಮಕ್ಕಳು ನೀರಲ್ಲಿ ಇಲ್ದಾಗ ಪಂಪ್ ಓಡಿಸ್ಕೊಂಡು ಅರ್ಧ ಲೀಟರ್ ಆಸಿಡ್ ಹಾಕಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೀರಿ. 7.4ರಿಂದ 7.6 ಸಾಕು.

ಪ್ರಶ್ನೆ: ನಮ್ಮದೂ ಉಪ್ಪಿನ ಪೂಲೇ. ಬ್ಯಾಕ್‌ವಾಶ್ ನೀರು ಸುಮ್ನೆ ಹೋಗತ್ತೆ, ಬಾಳೆ ಗಿಡಕ್ಕೆ ಬಿಡ್ಬಹುದಾ?

ಉತ್ತರ: ಬೇಡ ಮೇಡಂ. ಲೀಟರಿಗೆ ಮೂರು ಗ್ರಾಂ ಉಪ್ಪು ಬಾಳೆ ತಡ್ಕೊಳ್ಳಲ್ಲ, ಎಲೆ ಅಂಚು ಸುಟ್ಟು ಹೋಗತ್ತೆ. ತೆಂಗು ಉಪ್ಪಿಗೆ ಗಟ್ಟಿ, ಆದ್ರೂ ಒಂದೇ ಬುಡಕ್ಕೆ ದಿನಾ ಬಿಟ್ರೆ ಮಣ್ಣು ಹೆಂಟೆ ಕಟ್ಟಿ ನೀರು ಇಂಗೋದು ನಿಲ್ಲತ್ತೆ.