ಟೆಕ್ಸಾಸ್‌ನಲ್ಲಿ ಗನ್ ಕೌಂಟರ್ ಇರುವ ಅಂಗಡಿ ಕೊಳ್ಳುತ್ತಿದ್ದೇನೆ. ಕಳ್ಳತನ ತಡೆಯಲು ಯಾವ ಕ್ಯಾಮೆರಾ, ಯಾವ ಗಾಜು ಹಾಕಿಸಲಿ?

ಕ್ಯಾಮೆರಾ, ಗಾಜು. ನಾನೂ ಮೊದಲು ದುಡ್ಡು ಸುರಿದದ್ದು ಇವೆರಡಕ್ಕೇ. ಆಮೇಲೆ ನನ್ನ ಕೌಂಟರಿನಿಂದ ಒಂದು 9 ಎಂಎಂ ಪಿಸ್ತೂಲು ಹೋಯಿತು. ಗಾಜಿಗೆ ಒಂದು ಗೀರು ಬಿದ್ದಿರಲಿಲ್ಲ, ಕ್ಯಾಮೆರಾದಲ್ಲಿ ಏನೂ ಉಳಿದಿರಲಿಲ್ಲ.

ಶೋಕೇಸಿನಲ್ಲಿ 42 ಪಿಸ್ತೂಲು ಇಡುತ್ತಿದ್ದೆವು. ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಎಣಿಕೆ, ರಾತ್ರಿ ಮುಚ್ಚುವಾಗ ಒಂದು. 42 ಬಂದರೆ ಸಹಿ, ಬೀಗ, ಮನೆ. ಒಂದು ಶನಿವಾರ ಕೌಂಟರ್ ಮುಂದೆ ಜನ ತುಂಬಿದ್ದರು. ನಮ್ಮ ಹುಡುಗ ಒಬ್ಬ ಗಿರಾಕಿಯ ಮುಂದೆ ಎರಡು ಪಿಸ್ತೂಲು ಇಟ್ಟು, ಮೂರನೆಯದನ್ನು ತೆಗೆಯಲು ಹಿಂದೆ ತಿರುಗಿದ್ದಾನೆ. ಅವನು ಇತ್ತ ತಿರುಗುವಷ್ಟರಲ್ಲಿ ಅಸಲಿ ಪಿಸ್ತೂಲು ಜಾಕೆಟ್ಟಿನೊಳಗೆ, ಅದೇ ಮಾದರಿಯ ಏರ್‌ಸಾಫ್ಟ್ ಆಟಿಕೆ ಮ್ಯಾಟಿನ ಮೇಲೆ. ಇದು ಆಮೇಲೆ ನಾವು ಹೊಂದಿಸಿಕೊಂಡ ಲೆಕ್ಕ, ಆದರೆ ಬೇರೆ ದಾರಿ ಇರಲಿಲ್ಲ. ಇಲ್ಲಿ ಮಾರುವ ಏರ್‌ಸಾಫ್ಟ್ ತುದಿಗೆ ಕಿತ್ತಳೆ ಬಣ್ಣ ಇರಲೇಬೇಕು. ಇದಕ್ಕೆ ಕಪ್ಪು ಬಳಿದಿದ್ದರು. ವಾಪಸ್ ತಗೊಳ್ಳುವಾಗ ಒಮ್ಮೆ ಸ್ಲೈಡ್ ಎಳೆದು ಒಳಗೆ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ನೋಡಲಿಲ್ಲ, ಜಾಗದಲ್ಲಿ ಮಲಗಿಸಿಬಿಟ್ಟ.

ಒಂಬತ್ತು ದಿನ ಆ ಆಟಿಕೆ ಅಲ್ಲೇ ಇತ್ತು. ಅಷ್ಟರಲ್ಲಿ 18 ಸಲ ಎಣಿಸಿದ್ದೇವೆ. 18 ಸಲವೂ 42.

ಸೋಮವಾರ ಮಧ್ಯಾಹ್ನ ಇನ್ಯಾರೋ ಅದನ್ನೇ ಕೇಳಿದರು. ಕೈಗೆತ್ತಿಕೊಂಡೆ, ಹಗುರ. ರೆಕಾರ್ಡಿಂಗ್ ನೋಡೋಣ ಅಂತ ಓಡಿದರೆ ಡಿವಿಆರ್ ಏಳು ದಿನಕ್ಕೊಮ್ಮೆ ಹಳೆಯದರ ಮೇಲೇ ಬರೆಯುತ್ತಿತ್ತು. ಶನಿವಾರ ಅಳಿಸಿಹೋಗಿತ್ತು.

ಎಲ್ಲರೂ ಹುಡುಗನ ತಪ್ಪು ಅಂದರು. ಅಲ್ಲ, ತಪ್ಪು ನನ್ನದು. ನಾನು ತಲೆ ಎಣಿಸಿದೆ, ಮುಖ ನೋಡಲಿಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಕೊಳ್ಳುತ್ತಿರುವ ಅಂಗಡಿಯಲ್ಲೂ ಬಹುಶಃ ಹೀಗೇ ಎಣಿಸುತ್ತಿರುತ್ತಾರೆ. 42 ಅನ್ನುವುದು ಶೋಕೇಸಿನಲ್ಲಿ ಗನ್ ಆಕಾರದ 42 ವಸ್ತು ಇವೆ ಅಂತ ಮಾತ್ರ ಹೇಳುತ್ತೆ. ಬಂದ ಗನ್, ಹೋದ ಗನ್ ಎಲ್ಲ ದಾಖಲಿಸುವ ನನ್ನ ಬೌಂಡ್ ಬುಕ್‌ನಲ್ಲಿ ಬರೆದಿರುವ 42 ಗನ್‌ಗಳೇ ಅವು ಅಂತ ಹೇಳುವುದಿಲ್ಲ. ಪುಸ್ತಕದಲ್ಲಿ ಇರುವುದು ಸೀರಿಯಲ್ ನಂಬರು. ತಪಾಸಣೆಗೆ ಬರುವ ಎಟಿಎಫ್‌ನವರು, ಅಂದರೆ ಗನ್ ಅಂಗಡಿಗಳ ಮೇಲೆ ಕಣ್ಣಿಡುವ ಫೆಡರಲ್ ಇಲಾಖೆಯವರು, ಓದುವುದು ಸೀರಿಯಲ್ ನಂಬರು. ಕಳುವಾದ ಗನ್ನನ್ನು ಪೊಲೀಸರು ಎನ್‌ಸಿಐಸಿ ಅನ್ನುವ ಎಫ್‌ಬಿಐ ದಾಖಲೆಗೆ ಏರಿಸುವುದೂ ಅದರ ಮೇಲೆಯೇ. ಇಡೀ ದೇಶ ಸೀರಿಯಲ್‌ನಲ್ಲಿ ಲೆಕ್ಕ ಇಡುವಾಗ ನಾನೊಬ್ಬ ತೆಂಗಿನಕಾಯಿ ಎಣಿಸಿದ ಹಾಗೆ ಎಣಿಸುತ್ತಿದ್ದೆ.

ಈಗ ಮಾಡುವುದು ಹೀಗೆ. ಶೋಕೇಸಿನ ಪ್ರತಿ ಜಾಗಕ್ಕೂ ನಂಬರು, ಅದರ ಪಕ್ಕ ಅಲ್ಲಿರಬೇಕಾದ ಗನ್ನಿನ ಸೀರಿಯಲ್‌ನ ಕೊನೆಯ ನಾಲ್ಕು ಅಂಕಿ. ಗನ್ ಮಾರಾಟವಾಗಲಿ, ರಿಪೇರಿಗೆ ಹೋಗಲಿ, ಆ ಜಾಗದಲ್ಲಿ ಒಂದು ಕೆಂಪು ಚೀಟಿ: ಎಲ್ಲಿಗೆ, ಯಾವಾಗ, ಯಾರು ತೆಗೆದದ್ದು. ಚೀಟಿ ಇಲ್ಲದೆ ಜಾಗ ಖಾಲಿ ಕಂಡರೆ ವ್ಯಾಪಾರ ನಿಲ್ಲುತ್ತೆ. ಬೆಳಿಗ್ಗೆ, ಪಾಳಿ ಬದಲಾಗುವಾಗ, ರಾತ್ರಿ, ದಿನಕ್ಕೆ ಮೂರು ಸಲ ಇಬ್ಬರು ಕೂತು ತಾಳೆ ನೋಡುತ್ತಾರೆ. ಗನ್ ಹಿಡಿದವನು ನಂಬರು ಓದಬೇಕು, ಹಾಳೆ ಹಿಡಿದವನು ಟಿಕ್ ಹಾಕಬೇಕು. ಹಾಳೆಯವನು ಓದಿ ಗನ್ನಿನವನು 'ಹೂಂ' ಅಂದರೆ ಅದು ಎಣಿಕೆಯಲ್ಲ, ಭಜನೆ. ಎಷ್ಟೋ ಪಾಲಿಮರ್ ಪಿಸ್ತೂಲುಗಳಲ್ಲಿ ನಂಬರು ಇರುವುದು ಟ್ರಿಗರ್ ಗಾರ್ಡ್‌ನ ಮುಂದೆ, ಫ್ರೇಮಿನ ಕೆಳಗಿನ ಲೋಹದ ಪಟ್ಟಿಯಲ್ಲಿ. ಎತ್ತಿ ತಿರುಗಿಸದೆ ಕಾಣುವುದಿಲ್ಲ. ಒಳ್ಳೆಯದೇ ಆಯಿತು, ಎತ್ತಿದರೆ ತೂಕವೂ ಗೊತ್ತಾಗುತ್ತೆ. 42ಕ್ಕೆ ಹದಿನೈದು ನಿಮಿಷ ಹಿಡಿಯುತ್ತೆ. ಹುಡುಗರು ಗೊಣಗುತ್ತಾರೆ, ಗೊಣಗಲಿ.

ಕೌಂಟರಿನಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಒಂದೇ ಗನ್. ಅದು ಕೈಗೆ ವಾಪಸ್ ಬಂದು, ಸ್ಲೈಡ್ ಎಳೆದು ಚೇಂಬರ್ ನೋಡಿ, ಜಾಗಕ್ಕೆ ಹೋದ ಮೇಲೆಯೇ ಇನ್ನೊಂದು. ಗನ್ ಗಿರಾಕಿಯ ಕೈಗೆ ಹೋಗುವ ಮೊದಲು ಶೋಕೇಸಿಗೆ ಬೀಗ ಬಿದ್ದಿರಬೇಕು. ಕೀಲಿ ಸೊಂಟದಲ್ಲಿ, ಕೌಂಟರ್ ಮೇಲಲ್ಲ. ಗನ್ ಹೊರಗಿರುವಾಗ ಗಿರಾಕಿಗೆ ಬೆನ್ನು ಮಾಡುವಂತಿಲ್ಲ, ಫೋನ್ ಹೊಡೆದುಕೊಳ್ಳಲಿ. ಮದ್ದುಗುಂಡಿನ ಪೆಟ್ಟಿಗೆ ಗಿರಾಕಿಯ ಕೈಗೆ ಎಟುಕುವಲ್ಲಿ ಇರಬಾರದು. ಜಾರುವ ಗಾಜಿನ ಬಾಗಿಲಿಗೆ ಹಾಕುವ ಹಲ್ಲುಪಟ್ಟಿಯ ಅಗ್ಗದ ಬೀಗ ನೋಡಿರುತ್ತೀರಿ. ಅದರಲ್ಲಿ ಒಂದೇ ಕೀಲಿ ಹತ್ತಾರು ಬೀಗಕ್ಕೆ ಆಗುವುದುಂಟು. ಮೊದಲ ವಾರವೇ ಬದಲಿಸಿ.

ನಿಮ್ಮ ಪ್ರಶ್ನೆಗೂ ಬರುತ್ತೇನೆ. ಟೆಂಪರ್ಡ್ ಗಾಜು ಒಂದೇ ಏಟಿಗೆ ಕಲ್ಲುಸಕ್ಕರೆಯ ಹಾಗೆ ಉದುರುತ್ತೆ, ಶೋಕೇಸಿಗೆ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಹಾಕಿಸಿ. ಇದ್ದ ಗಾಜಿಗೇ ಫಿಲ್ಮ್ ಅಂಟಿಸುತ್ತೇವೆ ಅನ್ನುವವರು ಅದರ ಅಂಚನ್ನು ಚೌಕಟ್ಟಿಗೆ ಹಿಡಿಸದೇ ಹೋದರೆ ಗಾಜು ಪೂರ್ತಿ ಹಾಳೆಯಾಗಿ ಕಳಚಿಕೊಳ್ಳುತ್ತೆ. ಕ್ಯಾಮೆರಾ ಯಾವುದಾದರೂ ಆಗಲಿ, ಚಾವಣಿಗೆ ಹಾಕಿದರೆ ಟೋಪಿ ಕಾಣುತ್ತೆ, ಕೈ ಕಾಣುವುದಿಲ್ಲ. ಒಂದನ್ನಾದರೂ ಮುಖದ ಎತ್ತರಕ್ಕೆ, ಮ್ಯಾಟಿನ ಕಡೆ ತಿರುಗಿಸಿ ಇಡಿ. ರೆಕಾರ್ಡಿಂಗ್ 90 ದಿನ ಉಳಿಯಲಿ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ಒಂದು ವರ್ಷ ಇಡಬೇಕೆಂದು ಕಾನೂನೇ ಇದೆ. ಡಿವಿಆರ್ ಕೌಂಟರ್ ಕೆಳಗೆ ಬೇಡ, ಕಳ್ಳ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ.

ರಾತ್ರಿಯ ಕಥೆ ಬೇರೆ. ಮಲೆನಾಡಿನಲ್ಲಿ ಬೆಳೆದವನು ನಾನು, ಚುನಾವಣೆ ಬಂದರೆ ಮನೆಯ ಒಂಟಿ ಕೋವಿಯನ್ನೂ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದೆವು. ಇಲ್ಲಿ ನೂರು ಗನ್ ಇಟ್ಟ ಅಂಗಡಿಯವನು ರಾತ್ರಿ ಅವನ್ನು ತಿಜೋರಿಯಲ್ಲಿ ಇಡಬೇಕು ಅನ್ನುವ ಫೆಡರಲ್ ಕಾನೂನಿಲ್ಲ. ಇಲ್ಲ ಅಂತ ಬಿಡಬೇಡಿ. ಪಿಸ್ತೂಲುಗಳೆಲ್ಲ ರಾತ್ರಿ ನೆಲಕ್ಕೆ ಬೋಲ್ಟ್ ಹಾಕಿದ ತಿಜೋರಿಗೆ ಹೋಗಲಿ, ಖಾಲಿ ಶೋಕೇಸು ರಸ್ತೆಗೆ ಕಾಣುವ ಹಾಗೆ ದೀಪ ಉರಿಯಲಿ. ಉದ್ದ ಕೋವಿಗಳ ಟ್ರಿಗರ್ ಗಾರ್ಡ್‌ನೊಳಗೆ ಉಕ್ಕಿನ ಕೇಬಲ್ ಹಾಯಿಸಿ ಗೋಡೆಗೆ ಬಿಗಿಯಿರಿ. ಕ್ಯಾಲಿಫೋರ್ನಿಯಾದವರು ಕನಿಷ್ಠ 1/8 ಇಂಚು ಅನ್ನುತ್ತಾರೆ; ನಾನು ಅದಕ್ಕಿಂತ ದಪ್ಪ ಹಾಕಿದ್ದೇನೆ. ಬೀಗಕ್ಕೆ ಬೋಲ್ಟ್ ಕಟರ್ ತಾಗದ ಹಾಗೆ ಕವಚ ಬೇಕು. ಕದ್ದ ಕಾರನ್ನೇ ಮುಂಬಾಗಿಲಿಗೆ ನುಗ್ಗಿಸುವವರಿಗೆ ಬೊಲಾರ್ಡ್, ಅಂದರೆ ಬಾಗಿಲ ಮುಂದೆ ಅಡ್ಡ ನಿಲ್ಲಿಸುವ ಗಟ್ಟಿ ಕಂಬ ಬೇಕು. ನಾಲ್ಕು ಬೋಲ್ಟಿನಲ್ಲಿ ನೆಲದ ಮೇಲೆ ನಿಲ್ಲಿಸಿದ ಕಂಬ ಬರೀ ಅಲಂಕಾರ, ಕಾರು ತಾಗಿದರೆ ಬುಡಸಮೇತ ಏಳುತ್ತೆ. ಕಾಂಕ್ರೀಟಿನಲ್ಲಿ ಹೂತದ್ದಿರಬೇಕು. ಗುತ್ತಿಗೆದಾರನಿಗೆ ಎಎಸ್‌ಟಿಎಂ ಎಫ್3016 ಇದೆಯಾ ಅಂತ ಕೇಳಿ: 5,000 ಪೌಂಡ್ ವಾಹನವನ್ನು ಗಂಟೆಗೆ 10, 20, 30 ಮೈಲಿ ವೇಗದಲ್ಲಿ ಗುದ್ದಿಸಿ ನೋಡುವ ಪರೀಕ್ಷೆ ಅದು. ಕಂಬಗಳ ನಡುವೆ 36 ಇಂಚಾದರೂ ತೆರವಿರಲಿ, ಗಾಲಿಕುರ್ಚಿ ಹೋಗಬೇಕಲ್ಲ.

ಇಷ್ಟಾದರೂ ಒಂದು ಕಾಣೆಯಾಯಿತು ಅನ್ನಿ. ಗೊತ್ತಾದ ಗಳಿಗೆಯಿಂದ 48 ಗಂಟೆಯೊಳಗೆ ಎಟಿಎಫ್‌ಗೂ ಸ್ಥಳೀಯ ಪೊಲೀಸರಿಗೂ ತಿಳಿಸಬೇಕು. ಎಟಿಎಫ್‌ಗೆ ಫೋನೂ ಮಾಡಬೇಕು, ಫಾರಂ 3310.11 ಕೂಡ ಕಳಿಸಬೇಕು. ಏಳು ದಿನದೊಳಗೆ ಬೌಂಡ್ ಬುಕ್‌ನಲ್ಲಿ ಬರೆಯಬೇಕು. ನಾನು 'ಗೋಡೌನಿನಲ್ಲಿ ಎಲ್ಲೋ ಇರುತ್ತೆ' ಅಂತ ಇಡೀ ಒಂದು ದಿನ ಡಬ್ಬಿ ಮಗುಚಿ ಹಾಕಿದೆ. ಮೊದಲು ಫೋನು, ಆಮೇಲೆ ಹುಡುಕಾಟ.

ಮಾರುವವರ ಲೈಸೆನ್ಸು ಅಂಗಡಿಯ ಜೊತೆ ನಿಮಗೆ ಬರುವುದಿಲ್ಲ, ಗನ್ ಮಾರಲು ಬೇಕಾದ ಫೆಡರಲ್ ಲೈಸೆನ್ಸು, ಎಫ್‌ಎಫ್‌ಎಲ್, ನಿಮ್ಮದೇ ಆಗಬೇಕು. ಅದು ಕೈಗೆ ಬಂದ ದಿನ ಮಾರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಗನ್ನಿನ ಸೀರಿಯಲ್ ಓದಿ, ಅವರ ಪುಸ್ತಕಕ್ಕೆ ತಾಳೆ ಹಾಕಿ, ಡಬ್ಬಿಯ ಲೇಬಲ್ಲಿನ ನಂಬರನ್ನೂ ನೋಡಿಯೇ ದುಡ್ಡು ಕೊಡಿ.

ಇನ್ನೊಂದು, ನೀವು ಕೇಳಿಲ್ಲ. ವಾರಾಂತ್ಯಕ್ಕೆ ಅಕ್ಕನ ಮಗ ಬಂದು ಕೌಂಟರ್ ನೋಡಿಕೊಳ್ಳುತ್ತಾನೆ ಅಂತೇನಾದರೂ ಅಂದುಕೊಂಡಿದ್ದರೆ, ಅವನು ಎಫ್-1ನಲ್ಲೋ ಎಚ್-1ಬಿಯಲ್ಲೋ ಇದ್ದರೆ ಬೇಡ. ಅಂಥ ವೀಸಾದವರು ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಅವನ್ನು ನಂಬಿ ಹುಡುಗನನ್ನು ಕೌಂಟರಿಗೆ ನಿಲ್ಲಿಸಬೇಡಿ. ಬಿಲ್ಲಿಂಗಿಗೆ ಕೂರಿಸಿ.